ಗಿಡ್ಡಪ್ಪನ ಹನ್ನೆರಡನೇ ಮಹಡಿ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಚಟವಿದೆ. ಯಾರಾದರೂ ಏನನ್ನಾದರೂ ದಾಟುವುದನ್ನು ಕಂಡರೆ ಸಾಕು, ಅದು ತಾನಾಗಿಯೇ ಕೆಳಕ್ಕೆ ಒತ್ತಿಕೊಳ್ಳುತ್ತದೆ. ರಸ್ತೆಯ ಗುಂಡಿ ದಾಟುವ ಮುದುಕ, ಮೋರಿ ಹಾರುವ ಆಡು, ಓಡುವ ಬಸ್ಸಿಗೆ ನೇತುಬೀಳುವ ಕಂಡಕ್ಟರ್, ಎಲ್ಲರಿಗೂ ನನ್ನ ಹೆಬ್ಬೆರಳಿನ ನೆರವು ಉಚಿತವಾಗಿ ಸಿಗುತ್ತದೆ. ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮಧ್ಯಾಹ್ನದ ಹೊತ್ತು ಕಾಂಪೌಂಡ್ ಹಾರುವ ಹುಡುಗರನ್ನು ಹಿಡಿಯುವುದು ನನ್ನ ಕೆಲಸ. ಆದರೆ ಅವರು ಹಾರುವ ಗಳಿಗೆಗೆ ಸರಿಯಾಗಿ ನಾನೇ ಬೆರಳೊತ್ತಿ ಆಚೆ ದಾಟಿಸಿಬಿಡುತ್ತೇನೆ. ಆಮೇಲೆ ಬಯ್ಯುವುದಕ್ಕೆ ಬಾಯಿ ಬರುವುದಿಲ್ಲ.

ಈ ಚಟ ಹತ್ತಿಸಿದವನು ಗಿಡ್ಡಪ್ಪ. ಅವನು ನಮ್ಮ ನೆಂಟನಲ್ಲ, ಮನುಷ್ಯನೂ ಅಲ್ಲ. ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಆಡುತ್ತಿದ್ದ ಒಂದು ಕಂಪ್ಯೂಟರ್ ಆಟದ ನಾಯಕ. ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು, ನಮ್ಮ ನಾಲಿಗೆಗೆ ಹೊರಳಲಿಲ್ಲ. ಹನ್ನೆರಡು ಮಹಡಿಯ ಒಂದು ಬುರುಜು. ಅದರೊಳಗೆ ಒಬ್ಬ ಕುಳ್ಳ ಪೆಟ್ಟಿಗೆ ತಳ್ಳಿ, ಏಣಿ ಹತ್ತಿ, ಗುಂಡಿ ಹಾರಿ, ಬಾಗಿಲಿಗೆ ತಕ್ಕ ಕೀಲಿಕೈ ಹುಡುಕಿ ಮೇಲೆ ಮೇಲೆ ಹೋಗಬೇಕು. ಸುಮ್ಮನೆ ಓಡಿದರೆ ಆಗದು, ಯೋಚಿಸಿ ಹಾರಬೇಕು. ತಪ್ಪಿದರೆ ನೆಲ ಬಾಯಿಬಿಟ್ಟು ಬಾವಿಗೆ ಬೀಳುತ್ತಿದ್ದ. ಬಿದ್ದರೆ ಮತ್ತೆ ಒಂದನೇ ಮಹಡಿಯಿಂದ ಶುರು.

ಹೋದ ತಿಂಗಳು ನನ್ನ ಮಗಳು ಸಿಂಧು ಕಾಲೇಜಿನಿಂದ ಬಂದವಳೇ ತನ್ನ ಟ್ಯಾಬನ್ನು ನನ್ನ ಮೂಗಿನ ಮುಂದೆ ಹಿಡಿದಳು.

“ಅಮ್ಮಾ, ಗಿಡ್ಡಪ್ಪ ಗಿಡ್ಡಪ್ಪ ಅಂತ ತಲಿ ತಿಂತಿದ್ದೆಲ್ಲ, ಇವನ ಏನು ನೋಡು.”

ನೋಡಿದೆ. ಮೊದಲು ಗುರುತೇ ಸಿಗಲಿಲ್ಲ. ನಮ್ಮ ಕಾಲದ ಗಿಡ್ಡಪ್ಪನಿಗೆ ಮುಖ ಇರಲಿಲ್ಲ, ಎಂಟು ಹತ್ತು ಚೌಕ ಕೂಡಿಸಿದರೆ ಅವನೇ ಗಿಡ್ಡಪ್ಪ. ಇವನಿಗೆ ಮೂಗು, ಮೀಸೆ, ಗಾಳಿಗೆ ಹಾರುವ ಶಾಲು, ಬೇಸರವಾದರೆ ಆಕಳಿಸುವ ಬಾಯಿ, ಎಲ್ಲವೂ ಬಂದಿದ್ದವು. ಬುರುಜಿನ ಕಿಟಕಿಯಾಚೆ ಮಳೆ ಸುರಿಯುತ್ತಿತ್ತು. ಹಿಂದೆ ಪಿಟೀಲು ಬೇರೆ! ಇಂಥ ಹಳೆಯ ಆಟಗಳನ್ನು ಈಗ ಹೊಸ ಬಟ್ಟೆ ಹಾಕಿಸಿ ಮತ್ತೆ ಬಿಡುತ್ತಿದ್ದಾರಂತೆ, ಅದಕ್ಕೆ ರೀಮೇಕ್ ಅನ್ನುತ್ತಾರಂತೆ. ಸಿಂಧು ನನಗೆ ಹೇಳಿಕೊಡುವ ಧ್ವನಿ, ನಾನು ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವ ಧ್ವನಿಯೇ ಆಗಿತ್ತು.

ರೀಮೇಕ್ ಏನೆಂದು ನನಗೆ ಗೊತ್ತಿಲ್ಲವೆ? ನಮ್ಮ ಬಳ್ಳಾರಿಯಲ್ಲಿ ಹೊಸ ಜೀನ್ಸ್ ಹೊಲಿದು, ತೊಳೆದು, ಬಣ್ಣ ಬಿಡಿಸಿ, ಮೊಣಕಾಲಿನ ಹತ್ತಿರ ಕಷ್ಟಪಟ್ಟು ಹರಿದು, ಹಳೆಯದು ಎನ್ನುವಂತೆ ಮಾಡಿ ಮಾರುತ್ತಾರೆ. ಸಿಂಧು ಅಂಥದ್ದನ್ನೇ ಹಾಕಿಕೊಂಡು ನನ್ನ ತವರು ಕುರುಗೋಡಿಗೆ ಹೋದಾಗ ನಮ್ಮವ್ವ ಸೂಜಿ ದಾರ ಹಿಡಿದುಕೊಂಡು ಹಿಂದೆ ಹಿಂದೆ ತಿರುಗಿದ್ದಳು. ನಮ್ಮಜ್ಜಿ ರಾತ್ರಿ ಹೇಳುತ್ತಿದ್ದ ಏಳು ಸಮುದ್ರದಾಚೆಯ ಗಿಣಿಯ ಕಥೆಯೂ ದಿನಕ್ಕೊಂದು ರೀಮೇಕ್ ಆಗುತ್ತಿತ್ತು. ಅಜ್ಜಿಗೆ ನಿದ್ದೆ ಬಂದ ದಿನ ಎರಡೇ ಸಮುದ್ರ ಇರುತ್ತಿದ್ದವು. ಕುರುಗೋಡಿನಲ್ಲಿ ರೀಮೇಕ್ ಆಗದೆ ಉಳಿದದ್ದು ಗುಡಿಯೊಳಗಿನ ಕಲ್ಲಿನ ನಂದಿ ದೊಡ್ಡಬಸವಣ್ಣ ಒಬ್ಬನೇ ಇರಬೇಕು.

ಆದರೂ ಹೊಸ ಆಟದಲ್ಲಿ ನನಗೆ ಹೊಟ್ಟೆಯುರಿ ತರಿಸಿದ್ದು ಒಂದು ಬಟನ್. ಗಿಡ್ಡಪ್ಪ ಬಾವಿಗೆ ಬಿದ್ದರೆ ಅದನ್ನು ಒತ್ತಿದರಾಯಿತು, ಬಿದ್ದದ್ದೆಲ್ಲ ತಿರುಗಾಮುರುಗಾ ಆಗಿ ಅವನು ಹಿಂದಕ್ಕೆ ಹಾರಿ ದಂಡೆಯ ಮೇಲೆ ನಿಲ್ಲುತ್ತಾನೆ. ಎರಡು ನಿಮಿಷ ಗೊತ್ತಾಗದೆ ಕೂತರೆ ಗೂಬೆಯೊಂದು ಬಂದು ಉತ್ತರ ಹೇಳಿಹೋಗುತ್ತದೆ. ಪರೀಕ್ಷೆಯ ಗೈಡುಗಳ ಕಾಟ ಬುರುಜನ್ನೂ ಬಿಡಲಿಲ್ಲವಲ್ಲ ಎಂದುಕೊಂಡೆ. ನಾವು ಬಿದ್ದರೆ ಬಿದ್ದೆವು. ಮೆಹರುವನ್ನು ಕೇಳಿ, ಹೇಳುತ್ತಾಳೆ.

ಮೆಹರು ಅಂದರೆ ಮೆಹರುನ್ನೀಸಾ, ಸಿರುಗುಪ್ಪದ ದರ್ಜಿಯೊಬ್ಬರ ಮಗಳು. ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ ಅವಳು ಸಿರುಗುಪ್ಪದಿಂದ, ನಾನು ಕುರುಗೋಡಿನಿಂದ ಬಸ್ಸು ಹತ್ತಿ ಬಳ್ಳಾರಿಯ ಬ್ರೂಸ್‌ಪೇಟೆಗೆ ಬರುತ್ತಿದ್ದೆವು. ಅಲ್ಲಿ ಬೆಲ್ಲದ ಹೋಲ್‌ಸೇಲ್ ಅಂಗಡಿಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಕಾಲಿನ ಧೂಳಿನಿಂದಲೇ ವೈರಸ್ ಬರುತ್ತದೆ ಎಂದು ನಮ್ಮ ಸರ್ ಖಚಿತವಾಗಿ ನಂಬಿದ್ದರು. ಬಳ್ಳಾರಿಯ ಬಿಸಿಲಿನಲ್ಲಿ ಬೆಂದು ಬಂದವರಿಗೆ ಆ ಏಸಿ ಕೋಣೆಯೇ ಕೈಲಾಸ. ಹಾಗಾಗಿ ಕಾಲೇನು, ಸ್ನಾನ ಮಾಡಿ ಬನ್ನಿ ಅಂದಿದ್ದರೂ ಮಾಡುತ್ತಿದ್ದೆವು.

ಇದ್ದದ್ದು ಆರು ಕಂಪ್ಯೂಟರ್. ಒಂದರ ಮುಂದೆ ಇಬ್ಬರಂತೆ ಕೂರಿಸುತ್ತಿದ್ದರು. ಟೈಪಿಂಗ್ ಪಾಠ ಒಪ್ಪಿಸಿದವರಿಗೆ ಕೊನೆಯ ಅರ್ಧ ಗಂಟೆ ಗಿಡ್ಡಪ್ಪನ ಪ್ರಸಾದ. ಕೀಬೋರ್ಡ್ ಒಂದೇ ಆದ್ದರಿಂದ ನಾನೂ ಮೆಹರುವೂ ಪಾಲು ಮಾಡಿಕೊಂಡೆವು. ಬಾಣದ ಬಟನ್‌ಗಳು ಅವಳವು, ಕೆಳಗಿನ ಉದ್ದನೆಯ ಬಟನ್ ನನ್ನದು. ಅಂದರೆ ಗಿಡ್ಡಪ್ಪ ಯಾವ ಕಡೆ ಹೋಗಬೇಕು, ಯಾವ ಕೀಲಿಕೈ ಎತ್ತಬೇಕು ಎಂಬುದು ಅವಳ ಕೈಯಲ್ಲಿ. ಯಾವಾಗ ಹಾರಬೇಕು ಎಂಬುದು ನನ್ನ ಹೆಬ್ಬೆರಳಿನಲ್ಲಿ. ಅರ್ಧ ಗಿಡ್ಡಪ್ಪ ಅವಳು, ಅರ್ಧ ನಾನು. ಇವತ್ತಿಗೂ ಒಬ್ಬಳೇ ಆಡಲು ಕೂತರೆ ನನ್ನ ಎಡಗೈ ದಡ್ಡ ಶಿಖಾಮಣಿ.

ಹನ್ನೊಂದು ಮಹಡಿ ಹೇಗೋ ಮುಗಿಸಿದೆವು. ಹನ್ನೆರಡನೆಯದು ಜೀವ ತಿಂದಿತು. ಅಲ್ಲಿ ನಾಲ್ಕು ಬಾಗಿಲು. ಪ್ರತಿ ಬಾಗಿಲಿನ ಮುಂದೆ ಮೂರು ಕೀಲಿಕೈ, ಬಾಗಿಲಿನ ಮೇಲೊಂದು ದೀಪ. ಸರಿಯಾದದ್ದನ್ನು ಎತ್ತಿದರೆ ಬಾಗಿಲು ತೆರೆಯುತ್ತದೆ, ತಪ್ಪಿದರೆ ಬಾವಿ. ಸರಿಯಾದದ್ದು ಯಾವುದು ಎಂಬುದು ಪ್ರತಿಸಲ ಬದಲಾಗುತ್ತಿತ್ತು. ಗಣಿತದಲ್ಲಿ ತೊಂಬತ್ತರ ಮೇಲೆ ಬರುವ ಭರವಸೆಯಿದ್ದ ನಾನು ಒಂದು ನೋಟ್‌ಬುಕ್ಕನ್ನೇ ಇಟ್ಟೆ. ಎಡ, ನಡು, ಬಲ, ಬಲ ಎಂದು ಕೋಷ್ಟಕ ಬರೆದೆ, ವರ್ಗಮೂಲ ತೆಗೆದೆ, ಮಂಗಳವಾರಕ್ಕೆ ಬೇರೆ ಸೂತ್ರ ಮಾಡಿದೆ. ಸೋಜಿಗವೆಂದರೆ, ಒಮ್ಮೆ ನನ್ನ ಸೂತ್ರದಿಂದ, ಒಮ್ಮೆ ಮೆಹರು ತನಗೆ ತೋಚಿದ್ದನ್ನು ಎತ್ತಿದ್ದರಿಂದ, ಮೂರು ಬಾಗಿಲಿನವರೆಗೆ ನಾವು ಎಷ್ಟೋ ಸಲ ಹೋದೆವು. ನಾಲ್ಕನೆಯದರಲ್ಲಿ ಮಾತ್ರ ತಪ್ಪದೆ ಬಾವಿ.

ಕೋರ್ಸ್ ಮುಗಿಯಿತು. ಆದರೆ ಆ ಬುರುಜಿನ ತುದಿಯಲ್ಲಿ ಏನಿದೆ ಎಂದು ಸರ್‌ಗೂ ಗೊತ್ತಿರಲಿಲ್ಲ, ಪಾಪ, ಅವರಿಗೂ ಕುತೂಹಲ. “ಹನ್ನೆರಡನೇದು ಮುಗಿಸೋತನಕ ನೀವಿಬ್ರೂ ದಿನಾ ಬರ್ರಿ. ಪ್ರ್ಯಾಕ್ಟೀಸ್ ಉಳದೈತಿ ಅಂತ ಮನ್ಯಾಗ ನಾನ ಹೇಳ್ತೀನಿ” ಅಂದರು. ಹಾಗೆ ಇನ್ನೂ ಹದಿನೈದು ದಿನ ಹೋದೆವು. ಬೆಳಿಗ್ಗೆ ಆಟ, ಆಮೇಲೆ ಕೆಳಗಿನ ಗಲ್ಲಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮೆಹರು ಅಂಗಡಿಗಳ ಮುಂದೆ ತೂಗುಬಿಟ್ಟ ಬಟ್ಟೆ ನೋಡುತ್ತಾ ನಿಂತರೆ ಕೈಹಿಡಿದು ಎಳೆಯಬೇಕಾಗುತ್ತಿತ್ತು.

ಹದಿನಾರನೆಯ ದಿನ ನಾಲ್ಕನೇ ಬಾಗಿಲಿಗೆ ಬಂದೆವು. ಹಿಂದೆ ಸರ್ ನಿಂತಿದ್ದರು, ಹೊಸ ಬ್ಯಾಚಿನ ಹುಡುಗಿಯರೂ ನಿಂತಿದ್ದರು. ನಾನು ನೋಟ್‌ಬುಕ್ ನೋಡಿ “ನಡುವಿಂದು” ಅಂದೆ. ಮೆಹರು ಎಡಗಡೆಯದನ್ನು ಎತ್ತಿದಳು. ಗಿಡ್ಡಪ್ಪ ಬಾವಿಗೆ ಹೋದ. ನನಗೆ ತಲೆ ಕೆಟ್ಟಿತು. ಅಷ್ಟು ಜನರ ಮುಂದೆ ಎದ್ದು ನಿಂತು, “ನಿನಗ ಮುಗಸಾಕ ಮನಸಿಲ್ಲ, ಬೇಕಂತ ಮಾಡಿದಿ. ಇನ್ನ ನಿನ್ನ ಕೂಡ ನಾ ಕುಂದ್ರಂಗಿಲ್ಲ” ಅಂದೆ. ಅವಳು ದುಪಟ್ಟಾ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದಳು. ಮರುದಿನದಿಂದ ನಾನೂ ಹೋಗಲಿಲ್ಲ.

ಎರಡು ವರ್ಷಕ್ಕೆ ಅವಳ ಮದುವೆಯ ಕಾರ್ಡು ಕುರುಗೋಡಿಗೆ ಬಂತು. ಮೇಲೆ ನನ್ನ ಹೆಸರನ್ನು ಅವಳೇ ಬರೆದಿದ್ದಳು. ನಾನು ಹೋಗಲಿಲ್ಲ. ಜ್ವರ ಎಂದು ಮನೆಯಲ್ಲಿ ಹೇಳಿದೆ, ನಿಜವಾಗಿ ಇದ್ದದ್ದು ಸೊಕ್ಕು. ಆಮೇಲೆ ಬ್ರೂಸ್‌ಪೇಟೆಯಲ್ಲಿ ಎರಡು ಮೂರು ಸಲ ಸಿಕ್ಕಳು. ಅವಳು ಸಿರುಗುಪ್ಪದ ತನ್ನ ಅಂಗಡಿಗೆ ದಾರದ ರೀಲು, ಲೈನಿಂಗ್ ಬಟ್ಟೆ ತರಲು ಬರುತ್ತಿದ್ದಳು. “ಆರಾಮದೀರಾ?” “ಅದೀನ್ರಿ, ನೀವು?” ಅಷ್ಟೇ. ಬಸ್ಸಿನ ಹೊತ್ತಾಯಿತು ಎಂದು ಇಬ್ಬರೂ ಒಟ್ಟಿಗೇ ಹೇಳಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದೆವು.

ಈಗ ಟ್ಯಾಬಿನ ಕಡೆಗೆ ಬರುತ್ತೇನೆ. ಸಿಂಧು ಗಿಡ್ಡಪ್ಪನನ್ನು ಒಂದು ವಾರದಲ್ಲಿ ಹನ್ನೆರಡನೇ ಮಹಡಿಗೆ ಹತ್ತಿಸಿಬಿಟ್ಟಳು. ನಾನು ಸಾರಿಗೆ ಒಗ್ಗರಣೆ ಹಾಕುವುದು ಬಿಟ್ಟು ಓಡಿಬಂದೆ. ನಾಲ್ಕು ಬಾಗಿಲನ್ನೂ ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿದಳು.

“ಹೆಂಗ ಗೊತ್ತಾತೇ ನಿನಗ?”

“ಏನಮ್ಮಾ, ದೀಪ ಕೆಂಪೈತಿ, ಕೆಂಪು ಚಾವಿ ತೊಗೊಂಡೆ. ದೀಪ ನೀಲಿ ಇದ್ರ ನೀಲಿ ಚಾವಿ, ಹಳದಿ ಇದ್ರ ಹಳದಿ. ಎಲ್‌ಕೇಜಿ ಹುಡುಗ್ರ ಆಟ ಇದು.”

ನಾನು ಕುಕ್ಕರಿಸಿದೆ. ನಮ್ಮ ಕ್ಲಾಸಿನ ಆರೂ ಕಂಪ್ಯೂಟರಿನ ಪರದೆ ಕಪ್ಪು-ಹಸಿರು. ಕೆಂಪು, ನೀಲಿ, ಹಳದಿ ಎಲ್ಲ ನಮ್ಮ ಪಾಲಿಗೆ ಹಸಿರೇ. ಹೊಸ ಆಟದಲ್ಲಿ, ಹಳೆಯ ಕಾಲ ನೆನೆಸಿಕೊಳ್ಳುವವರಿಗೆಂದು ‘ಹಸಿರು ಪರದೆ’ ಎಂಬ ಒಂದು ಆಯ್ಕೆಯೂ ಇತ್ತು. ಸಿಂಧು ಅದನ್ನು ಒತ್ತಿ ತೋರಿಸಿದಳು. ಮೀಸೆ, ಮಳೆ, ಶಾಲು ಎಲ್ಲ ಅಳಿಸಿಹೋಗಿ ನಮ್ಮ ಚೌಕದ ಗಿಡ್ಡಪ್ಪ ಹಾಜರಾದ. ಮೂರು ಕೀಲಿಕೈಗಳೂ ಒಂದೇ ತೆರ ಕಂಡವು. “ಇದ್ರಾಗ ಯಾರಿಗಮ್ಮಾ ಗೊತ್ತಾಗತೈತಿ?” ಅಂದಳು ಮಗಳು. ಪ್ರಶ್ನೆಯನ್ನು ಸರಿಯಾಗಿ ಓದಿಕೊಳ್ಳಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದವಳು ನಾನು. ಪ್ರಶ್ನೆಯೇ ಕಾಣದ ಪರದೆಯ ಮುಂದೆ ಕೂತು ವರ್ಗಮೂಲ ತೆಗೆದಿದ್ದೆ. ಅದೂ ಸಾಲದೆಂದು ಬೇಕಂತ ಮಾಡಿದಿ ಎಂದು ಅಂದು ಒಬ್ಬಳನ್ನು ಕಳೆದುಕೊಂಡಿದ್ದೆ. ನಾಚಿಕೆಯಾಯಿತು.

ಭಾನುವಾರ ಮಗಳ ಟ್ಯಾಬನ್ನು ಬ್ಯಾಗಿಗೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಹಿಂದೊಮ್ಮೆ ಸಿರುಗುಪ್ಪದ ಹತ್ತಿರದ ದೇಶನೂರಿಗೆ ಪರೀಕ್ಷೆಯ ಡ್ಯೂಟಿಗೆ ಹೋದಾಗ ಅವಳ ಅಂಗಡಿಯ ಬೋರ್ಡನ್ನು ಬಸ್ಸಿನಿಂದಲೇ ನೋಡಿದ್ದೆ, ಇಳಿದಿರಲಿಲ್ಲ. ಸೀರೆಗೆ ಫಾಲು, ರವಿಕೆಗೆ ಬಟ್ಟೆ, ಹೊಲಿಯಲು ದಾರ ಒದಗಿಸುವ ಮ್ಯಾಚಿಂಗ್ ಸೆಂಟರ್. ಗೋಡೆಯ ತುಂಬ ರೀಲುಗಳು. ಗಿರಾಕಿಯೊಬ್ಬಳು ಸೀರೆಯ ಸೆರಗು ಹಿಡಿದು ತೆಲುಗಿನಲ್ಲಿ, ಇದಲ್ಲ, ಇನ್ನೊಂಚೂರು ಕೆಂಪು ಅಂತ ತಕರಾರು ತೆಗೆಯುತ್ತಿದ್ದಳು. ಮೆಹರು ಸೆರಗನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಹಿಂತಿರುಗಿಯೂ ನೋಡದೆ ಕೈ ಚಾಚಿ ಹತ್ತು ಕೆಂಪುಗಳ ನಡುವಿನ ಒಂದನ್ನು ಎಳೆದುಕೊಟ್ಟಳು. ಗಿರಾಕಿ ದುಡ್ಡು ಎಣಿಸಿಕೊಟ್ಟಳು. ಮೆಹರುವಿನ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು.

“ಬರ್ರಿ ಬರ್ರಿ, ಕುಂದರ್ರಿ. ಏನ್ ಮ್ಯಾಚಿಂಗ್ ಬೇಕಿತ್ರಿ?” ಅಂದಳು. ಅಂಗಡಿಯ ಧ್ವನಿ.

ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ಟ್ಯಾಬು ತೆಗೆದು ಕೌಂಟರಿನ ಮೇಲಿಟ್ಟೆ. ಮೊದಲು ಬಣ್ಣದ ಪರದೆ ತೋರಿಸಿದೆ, ಆಮೇಲೆ ಹಸಿರು ಪರದೆ. “ನೋಡು ಮೆಹರು, ತಪ್ಪು ಪರದೆದು. ನಮಗ ಎಲ್ಲಾ ಒಂದ ಹಸಿರು ಕಾಣ್ತಿತ್ತು. ನೀ ಬೇಕಂತ ಮಾಡಿದಿ ಅಂತ ನಾ ಅಂದಿದ್ದು ಸುಳ್ಳು. ಅಷ್ಟು ಮಂದಿ ಮುಂದ ಅಂದೆ. ತಪ್ಪಾತು” ಅಂದೆ.

ಅವಳು ಹಸಿರು ಪರದೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿದಾಗ ಅಂಗಡಿಯ ಧ್ವನಿ ಇರಲಿಲ್ಲ.

“ಒಂದ ಹಸಿರು ಎಲ್ಲೈತಿಲೇ, ಗಿರಿಜಾ? ಮೂರು ಅದಾವು. ಇದು ಮಂಕು, ಇದು ನಡು, ಇದು ತಿಳಿ. ಮ್ಯಾಲಿನ ದೀಪ ಮಂಕಿದ್ರ ಮಂಕು ಚಾವಿ. ನಾ ದರ್ಜಿ ಮಗಳು. ಇಷ್ಟು ಕಾಣಂಗಿಲ್ಲೇನು ನನಗ?”

“ಅಂದ್ರ ನಿನಗ ಗೊತ್ತಿತ್ತಾ?”

“ಹನ್ನೆರಡನೇದಕ್ಕ ಬಂದ ಮರುದಿನಾನ ಗೊತ್ತಾತು. ಮೂರು ಬಾಗಲಾ ನಾನ ದಾಟಿಸ್ತಿದ್ದೆ, ನಾಕನೇದ್ರಾಗ ನಾನ ಬೀಳಿಸ್ತಿದ್ದೆ. ಅವತ್ತು ನೀ ನಡುವಿಂದು ಅಂದಿದ್ದು ಖರೇ ಇತ್ತು. ಬೇಕಂತನ ಎಡಗಡಿದು ಎತ್ತಿದೆ.”

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಕ್ಷಮೆ ಕೇಳಲು ಒಂದೂವರೆ ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ಬಂದವಳಿಗೆ, ನೀನು ಅಂದದ್ದೇ ಸರಿ ಎಂದು ಹೇಳಿದರೆ ಏನು ಮಾಡಬೇಕು? ನನ್ನ ವರ್ಗಮೂಲಗಳನ್ನೆಲ್ಲ ನೋಡಿ ಒಳಗೊಳಗೇ ಎಷ್ಟು ನಕ್ಕಿರಬೇಡ ಇವಳು! “ಯಾಕಲೇ ಹಂಗ ಮಾಡಿದಿ?” ಎಂದು ನಾನು ಕೂಗಿದ್ದಕ್ಕೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

“ಮುಗಸೋತನಕ ಬರ್ರಿ ಅಂದಿದ್ರಲ್ಲ ಸರ್. ಮುಗದ್ರ ನಮ್ಮ ಅಬ್ಬಾ ಮಾರನೇ ದಿನಾನ ಬಳ್ಳಾರಿ ಬಸ್ಸು ಬಂದ್ ಮಾಡ್ತಿದ್ರು. ನಾ ಮನ್ಯಾಗ ಅಂಗಿಗೆ ಗುಂಡಿ ಹಚ್ಚಿಕೋತ ಕುಂದ್ರಬೇಕಿತ್ತು. ನೀ ಡಿಗ್ರಿಗೆ ಹೋಗಾಕಿ, ನಿನಗ ಬ್ಯಾರೆ ಗೆಳತ್ಯಾರು ಸಿಗ್ತಿದ್ರು. ನನಗ ಆ ಅರ್ಧ ತಾಸು ಬಿಟ್ರ ಏನಿತ್ತು?” ಎಂದು ಅವಳು ಚೆಲ್ಲಾಪಿಲ್ಲಿಯಾಗಿದ್ದ ರೀಲುಗಳನ್ನು ಜೋಡಿಸತೊಡಗಿದಳು. “ನೀ ಬಯ್ದಿದ್ದಕ್ಕ ನನಗ ಸಿಟ್ಟಿಲ್ಲ. ಖರೇ ಮಾತಿಗೆ ಸಿಟ್ಟು ಹೆಂಗ ಮಾಡ್ಲಿ? ಆದ್ರ ಮದುವಿಗೆ ಬರಲಿಲ್ಲಲ. ಯಾವ ಬಸ್ಸು ಬಂದ್ರೂ ಹೊರಗ ಹೋಗಿ ನೋಡಾಕ ತಂಗೀನ ಕಳಸ್ತಿದ್ದೆ. ಅದಕ್ಕ ಸಿಟ್ಟೈತಿ. ಈಗ್ಲೂ ಐತಿ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ತಂಗಿ ಬಸ್ ಸ್ಟ್ಯಾಂಡಿಗೂ ಮನೆಗೂ ಓಡಾಡುವುದು ಕಣ್ಣಿಗೆ ಕಟ್ಟಿತು. ಜ್ವರ ಬಂದಿತ್ತು ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ಜ್ವರ ಇರಲಿಲ್ಲ, ಏನೂ ಇರಲಿಲ್ಲ. ಸೊಕ್ಕಿಗೆ ಬರಲಿಲ್ಲ” ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಶಾಲೆಯಲ್ಲಿ ನನ್ನನ್ನು ಕಂಡರೆ ನಡುಗುವ ಮಕ್ಕಳು ನೋಡಬೇಕಿತ್ತು. ಮೆಹರು ಕಣ್ಣೊರೆಸಿಕೊಳ್ಳಲು ಒಂದು ರವಿಕೆ ಬಟ್ಟೆಯ ತುಂಡು ಕೊಟ್ಟಳು. ಕೊಟ್ಟು, ತಡಿ, ಅದು ಬಣ್ಣ ಬಿಡತೈತಿ ಎಂದು ಕಸಿದುಕೊಂಡು ಬಿಳಿಯದು ಕೊಟ್ಟಳು. ಇಬ್ಬರಿಗೂ ನಗು ಬಂತು.

ಆಮೇಲೆ ಆಡಿದೆವು. ಹಸಿರು ಪರದೆಯಲ್ಲೇ, ಅವಳ ಹಟ. ಟ್ಯಾಬನ್ನು ಕೌಂಟರಿನ ಮೇಲಿಟ್ಟು ಎಡಗಡೆ ಅವಳು, ಬಲಗಡೆ ನಾನು. ನನಗೆ ಮೂರೂ ಒಂದೇ ಹಸಿರು, ಈಗಲೂ. ಅವಳು “ಮಂಕು”, “ತಿಳಿ”, “ಮತ್ತ ಮಂಕು” ಎನ್ನುತ್ತಾ ಎತ್ತಿದಳು, ನಾನು ಹಾರಿಸಿದೆ. ನಡುವೆ ಗಿರಾಕಿಯೊಬ್ಬಳು ಬಂದು ಹುಕ್ಕು ಕೇಳಿದಳು. ಗಿಡ್ಡಪ್ಪ ಬಾಗಿಲ ಮುಂದೆ ಕಾದು ನಿಂತ. ನಾಲ್ಕನೇ ಬಾಗಿಲಿಗೆ ಬಂದಾಗ ಅವಳು ನನ್ನ ಮುಖ ನೋಡಿದಳು. ನಾನು ಹೆಬ್ಬೆರಳು ಸಿದ್ಧವಾಗಿ ಹಿಡಿದೆ. ಅವಳು ನಡುವಿನ ಹಸಿರನ್ನು ಎತ್ತಿದಳು. ಬಾಗಿಲು ತೆರೆಯಿತು.

ಬುರುಜಿನ ತುದಿಯಲ್ಲಿ ಏನೂ ಇರಲಿಲ್ಲ. ಒಂದು ಮಾಳಿಗೆ, ಒಂದಿಷ್ಟು ಗಾಳಿ. ಗಿಡ್ಡಪ್ಪ ಅಲ್ಲಿ ಸುಮ್ಮನೆ ಕೂತ. ಆಟ ಮಾಡಿದವರ ಹೆಸರುಗಳು ಸಾಲುಸಾಲಾಗಿ ಮೇಲೇರಿ ಹೋದವು.

“ಇಷ್ಟ ಏನಲೇ?” ಅಂದೆ.

“ಇಷ್ಟ. ಮುಗೀತು” ಎಂದು ಮೆಹರು ಟ್ಯಾಬನ್ನು ನನ್ನ ಬ್ಯಾಗಿನೊಳಗೆ ತುರುಕಿ ಜಿಪ್ ಎಳೆದಳು. “ಇನ್ನೊಮ್ಮೆ ಬಂದಾಗ ಇದನ್ನ ತರಬ್ಯಾಡ. ನೆವ ಇಲ್ದಂಗ ಬಾ.”

ಕಳೆದ ಭಾನುವಾರ ಹೋಗಿದ್ದೆ. ಯಾಕೆ ಬಂದಿ ಎಂದು ಅವಳು ಕೇಳಲಿಲ್ಲ, ಸ್ಟೂಲು ಎಳೆದು ಹಾಕಿದಳು.